ಮಗಳಿಗೆ ತೋರಿಸದ ಮುಖ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಗಳನ್ನೂ ಗುರುತು ಹಿಡಿದು ತೋರಿಸಿದಂತಾಗುತ್ತದೆ. ಅವಳು ಇನ್ನೂ ಶಾಲೆಗೆ ಹೋಗಬೇಕಾದವಳು. ಬಸರೀಕಟ್ಟೆಯಿಂದ ಕೊಪ್ಪಕ್ಕೆ ಜೀಪು ಓಡಿಸುತ್ತಿದ್ದವರು ಎಂದರೆ ನಮ್ಮ ಕಡೆಯವರಿಗೆ ಗೊತ್ತಾಗಿಬಿಡುತ್ತದೆ. ಉಳಿದವರಿಗೆ ಅಷ್ಟು ಸಾಕು.

ನಾನು ಕೊಪ್ಪದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಗಂಡ ಬಸರೀಕಟ್ಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿರುವುದರಿಂದ ನಮ್ಮ ಮನೆ ಅಲ್ಲಿ. ನನ್ನ ತರಗತಿಯ ಹೊತ್ತಿಗೂ ಬಸ್ಸಿನ ಹೊತ್ತಿಗೂ ಎಂದೂ ಹೊಂದಿಕೆಯಾಗಲಿಲ್ಲ. ಹಾಗಾಗಿ ಅವರ ಜೀಪು. ಮುಂದಿನ ಸೀಟಿನ ನಡುವಿನ ಜಾಗ, ಗೇರಿನ ಕೋಲಿಗೆ ಮೊಣಕಾಲು ತಾಗದಂತೆ ಓರೆಯಾಗಿ ಕೂರಬೇಕಾದ ಜಾಗ, ವರ್ಷಗಟ್ಟಲೆ ನನ್ನದಾಗಿತ್ತು. ಅಲ್ಲಿಂದ ನನಗೆ ಅವರ ಮುಖದ ಎಡಭಾಗ ಕಾಣುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಕಣ್ಣು ತೆರೆದಿದ್ದಾಗಲೂ, ಬೋರ್ಡಿನ ಕಡೆ ತಿರುಗಿ ಬರೆಯುತ್ತಿರುವಾಗಲೂ ಒಮ್ಮೊಮ್ಮೆ ಕಾಣುತ್ತದೆ. ಆಗ ಬಳಪ ಕೆಳಗಿಟ್ಟು ಸ್ವಲ್ಪ ಹೊತ್ತು ಮೇಜು ಹಿಡಿದುಕೊಂಡು ನಿಲ್ಲುತ್ತೇನೆ.

ಅವರ ಕುತ್ತಿಗೆ ಎಡಕ್ಕೆ ಜಗ್ಗುತ್ತಿತ್ತು. ಯಾರೋ ಕಾಲರ್ ಹಿಡಿದು ಎಳೆದಂತೆ ತಲೆ ಪಕ್ಕಕ್ಕೆ ಹೋಗಿ ತಕ್ಷಣ ಸ್ವಸ್ಥಾನಕ್ಕೆ ಬರುತ್ತಿತ್ತು. ಜೊತೆಗೇ ಗಂಟಲಿನಿಂದ ‘ಹ್ಞುಕ್’ ಎಂಬ ಸಣ್ಣ ಸದ್ದು. ಮೊದಲ ದಿನ ಹತ್ತಿದವರಿಗೆ ಎದೆ ಹಾರುತ್ತಿತ್ತು. ಆದರೆ ದಿನಾ ಹೋಗುವವರಿಗೆ ಅದರ ಕ್ರಮ ತಿಳಿದಿತ್ತು. ನಮ್ಮ ರಸ್ತೆ ಹಾವಿನಂತೆ ಹೊರಳುವ ರಸ್ತೆ. ಪ್ರತಿ ದೊಡ್ಡ ತಿರುವಿಗೆ ಮುಂಚೆ ಅವರು ಜೀಪನ್ನು ನಿಧಾನ ಮಾಡಿ ಹಾರ್ನ್ ಒತ್ತುತ್ತಿದ್ದರು. ಆಮೇಲೆ ಕುತ್ತಿಗೆಯನ್ನು ಅದರ ಪಾಡಿಗೆ ಬಿಡುತ್ತಿದ್ದರು. ಅದು ಎರಡು ಮೂರು ಸಲ ಜಗ್ಗಿ, ಹ್ಞುಕ್ ಎಂದು ಸುಮ್ಮನಾಗುತ್ತಿತ್ತು. ಆಮೇಲೆಯೇ ತಿರುವು. ತಿರುವಿನೊಳಗೆ ಆ ತಲೆ ಕಲ್ಲಿನ ಮೂರ್ತಿಯ ತಲೆಯಷ್ಟು ಸ್ಥಿರ. ನಾನು ನೋಡಿದ ಅಷ್ಟು ವರ್ಷಗಳಲ್ಲಿ ತಿರುವಿನ ನಡುವೆ ಅದು ಒಂದು ಸಲವೂ ಜಗ್ಗಿದ್ದಿಲ್ಲ.

“ತುಂಬಿದ ಕೊಡ ಹೊತ್ಕೊಂಡು ಇಳಿಜಾರು ಇಳಿಯಕ್ಕಾಗಲ್ಲ ಮೇಡಂ,” ಎಂದು ಒಮ್ಮೆ ಹೇಳಿದ್ದರು. “ಮೊದ್ಲು ಒಂಚೂರು ಚೆಲ್ಲಿಬಿಡ್ಬೇಕು. ಆಮೇಲೆ ಹೆದ್ರಿಕೆ ಇಲ್ಲ.”

ಹಿಂದಿನ ಸೀಟಿನಲ್ಲಿ ಎಸ್ಟೇಟ್ ಕೆಲಸಕ್ಕೆ ಹೋಗುವ ಹೆಂಗಸರು. ಅವರಲ್ಲಿ ಸುಶೀಲಕ್ಕನ ಬಾಯಿಗೆ ಬಿಡುವೇ ಇರಲಿಲ್ಲ. ಹ್ಞುಕ್ ಎಂಬ ಸದ್ದು ಕೇಳಿದ ಕೂಡಲೇ, “ಎರಡನೇ ಹಾರ್ನೂ ಆಯ್ತು, ಗಟ್ಟಿ ಹಿಡ್ಕೊಳ್ರೇ!” ಎಂದು ಕೂಗುವಳು. ಎಲ್ಲರೂ ನಗುತ್ತಲೇ ಕಂಬಿ ಹಿಡಿಯುತ್ತಿದ್ದರು. ತಮಾಷೆಯಂತೆ ಕಂಡರೂ ಅದು ಅಭ್ಯಾಸವೇ ಆಗಿತ್ತು. ಆ ಸದ್ದು ಕೇಳಿದರೆ ನಿದ್ದೆಯಲ್ಲಿದ್ದವರ ಕೈಯೂ ಕಂಬಿ ಹುಡುಕುತ್ತಿತ್ತು.

“ಸುಶೀಲಕ್ಕ, ನಿನ್ನ ಬಾಯಿಗೊಂದು ಬ್ರೇಕ್ ಹಾಕ್ಸದಾ ಗ್ಯಾರೇಜಲ್ಲಿ?” ಎಂದು ಇವರು.

“ಮೊದ್ಲು ನಿನ್ನ ಕುತ್ತಿಗೆಗೆ ಗ್ರೀಸ್ ಹಾಕ್ಸೋ ಮಾರಾಯ!”

ಇಂಥ ಮಾತಿಗೆ ಅವರು ಬೇಸರಪಟ್ಟದ್ದನ್ನು ನಾನು ನೋಡಿದ್ದಿಲ್ಲ. ಬೇಸರವಾಗುತ್ತಿದ್ದದ್ದು ಯಾರಾದರೂ ಏನೂ ಹೇಳದೆ ದಿಟ್ಟಿಸಿ ನೋಡಿದರೆ. ಒಮ್ಮೆ ಎಸ್ಟೇಟ್ ನೋಡಲು ಬಂದಿದ್ದ ಹೊರಗಿನವರೊಬ್ಬರು ದಾರಿಯಲ್ಲೇ ಜೀಪು ನಿಲ್ಲಿಸಿ ಇಳಿದುಬಿಟ್ಟರು. “ಫಿಟ್ಸ್ ಬರೋರೆಲ್ಲ ಗಾಡಿ ಓಡಿಸಿದ್ರೆ ನಮ್ಮ ಗತಿ ಏನ್ರೀ?” ಎಂದು ನಮ್ಮೆಲ್ಲರನ್ನೂ ಕೇಳಿದರು. ಸುಶೀಲಕ್ಕ ಜಗಳಕ್ಕೆ ನಿಂತಳು. ಇವರು ಮಾತ್ರ ಇಳಿದವರ ಚೀಲವನ್ನು ಜೋಪಾನವಾಗಿ ಕೆಳಗಿಟ್ಟು ಬಂದರು. ಎಷ್ಟೋ ದೂರ ಹೋದ ಮೇಲೆ, “ಅವ್ರು ಹೇಳದ್ರಲ್ಲಿ ತಪ್ಪೆಂತ ಇದೆ? ನಾನೂ ಅವರ ಜಾಗದಲ್ಲಿದ್ರೆ ಇಳೀತಿದ್ದೆ,” ಎಂದರು.

ಜೀಪಿನ ಒಳಗಿನ ಕನ್ನಡಿಯನ್ನು ಅವರು ಮೇಲಕ್ಕೆ, ಟಾರ್ಪಾಲಿನ ಕಡೆಗೆ ತಿರುಗಿಸಿಟ್ಟಿದ್ದರು. ಹೊರಗಿನ ಎರಡು ಕನ್ನಡಿಗಳೇ ಸಾಕು ಎನ್ನುತ್ತಿದ್ದರು. ಒಳಗಿನದರಲ್ಲಿ ತನ್ನ ಮುಖ ಕಾಣುತ್ತದೆ, ಕಂಡಷ್ಟೂ ಜಗ್ಗುವುದು ಹೆಚ್ಚಾಗುತ್ತದೆ ಎಂಬುದು ಅವರ ಅನುಭವ. ಕ್ಷೌರದಂಗಡಿಗೆ ಹೋದರೂ ಕನ್ನಡಿಗೆ ಬೆನ್ನು ಹಾಕಿ ಕೂರುತ್ತಿದ್ದರಂತೆ. ಕೊಪ್ಪದ ಆ ಕ್ಷೌರಿಕನಿಗೂ ಇವರಿಗೂ ಒಂದು ಒಪ್ಪಂದವಿತ್ತು. ಇವರು ಬೆರಳೆತ್ತಿದರೆ ಅವನು ಕತ್ತಿಯನ್ನು ದೂರ ಹಿಡಿಯಬೇಕು. ಕುತ್ತಿಗೆ ತನ್ನ ಆಟ ಆಡಿ ಮುಗಿಸಿದ ಮೇಲೆ ಬೆರಳಿಳಿಸುವರು. “ಅವನೊಬ್ನೇ ನೋಡಿ, ನನ್ನ ಮುಖವನ್ನ ಸರಿಯಾಗಿ ನೋಡಿದವ,” ಎಂದು ನಗುತ್ತಿದ್ದರು.

ಅವರ ತಂದೆ ಕಮ್ಮರಡಿಯ ಕಡೆ ಕೂಲಿ ಕೆಲಸ ಮಾಡಿಕೊಂಡಿದ್ದವರು. ತಂದೆಗೆ ಇದ್ದದ್ದು ಕಣ್ಣಿನ ಕಾಟ. ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿ ತೆರೆಯುವುದು, ಮೂಗನ್ನು ಸೊರಕ್ಕೆಂದು ಎಳೆಯುವುದು, ದಿನವಿಡೀ. ಇವರು ಚಿಕ್ಕವರಿದ್ದಾಗ ಓರಗೆಯ ಮಕ್ಕಳನ್ನು ಸೇರಿಸಿಕೊಂಡು ಅಪ್ಪನಂತೆಯೇ ಕಣ್ಣು ಮಿಟುಕಿಸಿ ತೋರಿಸುತ್ತಿದ್ದರಂತೆ. ತಾಯಿ ಒಂದು ದಿನ ಅದನ್ನು ಕಂಡು ಬಾಸುಂಡೆ ಬರುವಂತೆ ಹೊಡೆದರು. ಅಣಕಿಸಿದರೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಈಗಲೂ ಇದೆ. ಉಗ್ಗುವವರನ್ನು ಅಣಕಿಸುವ ಮಕ್ಕಳಿಗೆ ನಾನೂ ಹಾಗೆಂದು ಹೇಳಿ ಹೆದರಿಸಿದ್ದೇನೆ. ಇವರ ವಿಷಯದಲ್ಲಿ ಅದು ನಿಜವಾದಂತೆಯೇ ಆಯಿತು. ಕೆಲವು ತಿಂಗಳಿಗೇ ಕುತ್ತಿಗೆ ಜಗ್ಗಲು ಶುರುವಾಯಿತು. ‘ಹೆತ್ತಪ್ಪನ್ನ ಅಣಕಿಸಿದ್ದಕ್ಕೆ’ ಎಂದು ತಾಯಿ ಸಾಯುವವರೆಗೂ ಹೇಳಿದರಂತೆ.

“ಅಲ್ಲ, ನಿಮ್ಮ ಅಪ್ಪನಿಗೆ ಇದ್ದದ್ದು ಕಣ್ಣು. ನಿಮಗೆ ಬಂದದ್ದು ಕುತ್ತಿಗೆ. ಅಣಕಿಸಿ ಬಂದದ್ದಾದರೆ ಕಣ್ಣೇ ಬರಬೇಕಿತ್ತಲ್ಲ?” ಎಂದು ನಾನು ಕೇಳಿದ್ದೆ.

“ಅಣಕಿಸದನ್ನೂ ನಾನು ಸರಿ ಕಲೀಲಿಲ್ಲ ಮೇಡಂ,” ಎಂದು ನಕ್ಕರು. ನಗು ನಿಂತ ಮೇಲೂ ಕುತ್ತಿಗೆ ಬಹಳ ಹೊತ್ತು ನಿಲ್ಲಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಹೆಂಡತಿ ಹೆರಿಗೆಯಾದ ಮರುವರ್ಷ ಕಾಮಾಲೆಯಲ್ಲಿ ತೀರಿಕೊಂಡರು. ಮಗುವನ್ನು ನರಸಿಂಹರಾಜಪುರದಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟರು. ಹೆಂಡತಿ ಇಲ್ಲದ ಮನೆ, ದಿನವಿಡೀ ಜೀಪು, ಬೇರೆ ದಾರಿಯಿರಲಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಿಜವಾದ ಕಾರಣ ಅದಲ್ಲ. ಮಗಳು ನೋಡಿ ಕಲಿಯಬಾರದು ಎಂಬುದೇ ಕಾರಣ.

ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಎನ್.ಆರ್.ಪುರಕ್ಕೆ ಹೋಗುತ್ತಿದ್ದರು. ಅಕ್ಕನ ಮನೆಯ ಜಗುಲಿಯಲ್ಲಿ ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ಮಗಳು ಹಿಂದೆ, ಹೊಸಿಲಿನ ಒಳಗೆ. ಅಪ್ಪನ ಬೆನ್ನಿನ ಜೊತೆ ಅವಳು ಮಾತಾಡುವಳು. ಶಾಲೆಯಲ್ಲಿ ಏನಾಯಿತು, ಯಾರು ಯಾರಿಗೆ ಹೊಡೆದರು, ಬೆಕ್ಕು ಎಲ್ಲಿ ಮರಿ ಹಾಕಿತು. ಇವರು ರಸ್ತೆ ನೋಡುತ್ತ ‘ಹೂಂ, ಹೂಂ’ ಎನ್ನುವರು. ನಡುನಡುವೆ, “ಒಂದು ಬೀಡಿ ಎಳ್ಕೊಂಡು ಬರ್ತೇನೆ ಪುಟ್ಟೀ,” ಎಂದು ಎದ್ದು ಮನೆಯ ಹಿಂದಿನ ಸೌದೆ ಕೊಟ್ಟಿಗೆಗೆ ಹೋಗುವರು. ಅವರಿಗೆ ಬೀಡಿಯ ಅಭ್ಯಾಸವೇ ಇರಲಿಲ್ಲ. ಅಲ್ಲಿ ನಿಂತು ತಡೆದಿಟ್ಟದ್ದನ್ನೆಲ್ಲ ಹೊರಹಾಕಿ, ಮುಖ ತೊಳೆದುಕೊಂಡು ಮತ್ತೆ ಬಂದು ಬೆನ್ನು ಕೊಟ್ಟು ಕೂರುವರು. ಮಗಳು ದೊಡ್ಡವಳಾದಂತೆ, “ಅಪ್ಪ ಬೀಡಿ ಜಾಸ್ತಿ ಸೇದ್ತಾರೆ, ಬಿಡಿಸ್ಬೇಕು” ಎಂದು ಅತ್ತೆಯ ಹತ್ತಿರ ಹೇಳುತ್ತಿದ್ದಳಂತೆ.

ಅವಳಿಗೆ ಅಕ್ಷರಾಭ್ಯಾಸ ಮಾಡಿಸಿದ್ದು ಶೃಂಗೇರಿಯಲ್ಲಿ. ಆ ದಿನದ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ. ತೊಡೆಯ ಮೇಲೆ ಮಗು, ಮಗುವಿನ ಮುಖ ಆಚೆಗೆ, ಮುಂದೆ ತಟ್ಟೆಯಲ್ಲಿ ಅಕ್ಕಿ. ಪುಟ್ಟ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಬರೆಸುವಾಗ ಕುತ್ತಿಗೆ ಮಿಸುಕಲೇ ಇಲ್ಲವಂತೆ. “ಅವಳ ಕೂದಲು ನನ್ನ ಗಲ್ಲಕ್ಕೆ ತಾಗ್ತಿತ್ತು ಮೇಡಂ. ಎಣ್ಣೆ ವಾಸನೆ.” ಮುಗಿದ ಕೂಡಲೇ ಮಗುವನ್ನು ಅಕ್ಕನ ಕೈಗೆ ಕೊಟ್ಟು ಹೊಳೆಯ ಮೆಟ್ಟಿಲಿಗೆ ಓಡಿದರು. ಅಲ್ಲಿ ತಡೆದದ್ದೆಲ್ಲ ಒಟ್ಟಿಗೆ ನುಗ್ಗಿ, ತಲೆ, ಭುಜ, ಗಂಟಲು ಎಲ್ಲ ಕಿತ್ತುಹೋಗುವಂತೆ ಜಗ್ಗತೊಡಗಿತು. ಮೀನಿಗೆ ಮಂಡಕ್ಕಿ ಹಾಕುತ್ತಿದ್ದವರು ಮಕ್ಕಳನ್ನು ಎಳೆದುಕೊಂಡು ದೂರ ಸರಿದರು. ಮೈಮೇಲೆ ಬಂದಿದೆ ಎಂದುಕೊಂಡ ಒಬ್ಬ ಅಜ್ಜಿ ಮಾತ್ರ ಕೈಮುಗಿದರಂತೆ. ಅದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ.

ಕೊಪ್ಪದಲ್ಲಿ ಜನ ತುಂಬುವವರೆಗೆ ಜೀಪು ಕಾಯುತ್ತಿತ್ತು. ಅಂಥ ಒಂದು ಸಂಜೆ ನಾನು ಫೋನಿನಲ್ಲಿ ಓದಿದ್ದನ್ನು ಅವರಿಗೆ ಹೇಳಿದೆ. ಇದು ನೋಡಿ ಅಂಟುವುದಲ್ಲ, ಹುಟ್ಟಿನಿಂದ ಬರುವುದು. ಒಂದೇ ಮನೆಯಲ್ಲಿ ಒಬ್ಬರಿಗೆ ಕಣ್ಣು, ಇನ್ನೊಬ್ಬರಿಗೆ ಕುತ್ತಿಗೆ. ಎಲ್ಲ ಮಕ್ಕಳಿಗೂ ಬರಲೇಬೇಕೆಂದಿಲ್ಲ, ಬಂದರೂ ತುಂಬ ಮಂದಿಗೆ ಪ್ರಾಯ ಬಂದಂತೆ ಕಡಿಮೆಯಾಗುತ್ತದೆ. ಮಗಳನ್ನು ಹತ್ತಿರ ಇಟ್ಟುಕೊಳ್ಳಿ ಎಂದೂ ಹೇಳಿದೆ.

ಅವರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದರು.

“ಅಂದ್ರೆ ನಾನು ಹತ್ರ ಇದ್ರೂ ಒಂದೇ, ದೂರ ಇದ್ರೂ ಒಂದೇ?”

“ಒಂದೇ.”

“ಹಂಗಾದ್ರೆ ನನ್ನ ಕೈಲಿ ಎಂತದೂ ಇಲ್ಲ ಅಂತಾಯ್ತು.” ಕುತ್ತಿಗೆ ಜಗ್ಗಿತು. “ನೋಡಿ ಬರೋದಾದ್ರೆ ನಾನು ತಡೀಬಹುದು ಮೇಡಂ. ಅವಳ ಕಣ್ಣಿಗೆ ಬೀಳದೆ ಇರ್ಬಹುದು. ಅಷ್ಟು ನನ್ನಿಂದ ಆಗ್ತದೆ. ರಕ್ತದಲ್ಲಿ ಬರೋದಾದ್ರೆ ಕೊಟ್ಟಾಗಿ ಹೋಯ್ತಲ್ಲ. ವಾಪಸ್ ಇಸ್ಕೊಳ್ಳಕ್ಕಾಗ್ತದಾ?”



“ನೀವು ಓದಿದವರು. ನೀವು ಹೇಳದೇ ಸರಿ ಇರ್ಬಹುದು,” ಎಂದು ಅವರೇ ಮುಂದುವರಿಸಿದರು. “ಆದ್ರೆ ಪುಟ್ಟಿಗೆ ಎಂತದೂ ಬಂದಿಲ್ಲ ನೋಡಿ. ನಂಗೆ ಶುರುವಾದ ಪ್ರಾಯ ದಾಟಿಬಿಟ್ಲು. ನಾನು ಮಾಡಿದ್ದು ತಪ್ಪಾಗಿದ್ರೆ ಇಷ್ಟೊತ್ತಿಗೆ ಬರ್ಬೇಕಿತ್ತಲ್ಲ?”

ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆಂದೂ ನೋಡಿರಲಿಲ್ಲ. ಆ ನಂಬಿಕೆಯ ಮೇಲೇ ಆ ಮನುಷ್ಯ ನಿಂತಿದ್ದರು. ಜೀಪಿನಲ್ಲಿ ಕುತ್ತಿಗೆಯ ತಮಾಷೆ ಸಹಿಸುವುದು, ಒಬ್ಬರೇ ಬೇಯಿಸಿಕೊಂಡು ಉಣ್ಣುವುದು, ಎಲ್ಲವೂ ಅದರ ಮೇಲೆ. ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಕಳೆದ ಬೇಸಗೆ ರಜೆಯಲ್ಲಿ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆಯಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಕೆಲವು ದಿನ ಅವಳನ್ನು ಬಸರೀಕಟ್ಟೆಗೆ ಕರೆತರಲೇಬೇಕಿತ್ತು. ಹಿಂದಿನ ದಿನ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಅದಕ್ಕೆ ಮೊದಲು ಎಂದೂ ಬಂದವರಲ್ಲ.

“ಪುಟ್ಟಿಯನ್ನ ನಿಮ್ಮ ಮನೇಲಿ ಇಟ್ಕೊಳ್ತೀರಾ ಮೇಡಂ? ಊಟದ ಸಾಮಾನು ನಾನು ತಂದಿಡ್ತೇನೆ. ಮತ್ತೆ... ನಾಳೆ ಕರ್ಕೊಂಡು ಬರಕ್ಕೆ ನೀವೂ ಬರ್ಬೇಕು. ನಡುವೆ ನೀವು ಕೂತ್ಕೊಳ್ಳಿ. ಅವಳಿಗೆ ಆಚೆ ಬದಿ ಏನಾದ್ರೂ ತೋರಿಸ್ತಾ ಇರಿ. ನನ್ನ ಕಡೆ ನೋಡ್ಬಾರ್ದು.”

ಸಾಮಾನು ಬೇಡ, ಮಗು ಬರಲಿ ಎಂದೆ. ಮಾರನೆಯ ದಿನ ಹೋದೆವು. ಅವಳು ಹೊಸ ಫ್ರಾಕು ಹಾಕಿಕೊಂಡು, ಬಟ್ಟೆಯ ಚೀಲ ಹಿಡಿದು ಜಗುಲಿಯಲ್ಲಿ ಸಿದ್ಧವಾಗಿ ನಿಂತಿದ್ದಳು. ಅತ್ತೆ ಅವಳ ಕಿವಿಯಲ್ಲಿ ಏನೋ ಹೇಳಿ ಕೆನ್ನೆ ಸವರಿದರು. ಅಪ್ಪನ ಜೀಪಿನಲ್ಲಿ ಅವಳು ಕೂತದ್ದು ಅದೇ ಮೊದಲು. ಎಡಗಡೆಯ ಬದಿಯಲ್ಲಿ ಅವಳು, ನಡುವೆ ನಾನು.

ಎನ್.ಆರ್.ಪುರ ಬಿಟ್ಟ ಮೇಲೆ ಮೊದಲ ತಿರುವಿಗೇ ನನಗೆ ಗೊತ್ತಾಯಿತು. ಹಾರ್ನ್ ಒತ್ತಿದರು. ಆದರೆ ಕುತ್ತಿಗೆ ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ತಿರುಗಿಸಿದರು. ಎರಡನೆಯದರಲ್ಲೂ ಹಾಗೆ, ಮೂರನೆಯದರಲ್ಲೂ ಹಾಗೆ. ಕೊಪ್ಪದಲ್ಲಿ ಸುಶೀಲಕ್ಕ ಮತ್ತು ಇನ್ನೊಬ್ಬಳು ಹತ್ತಿಕೊಂಡರು. “ಓಹೋ, ಮಗಳು ಬಂದ್ಳು ಅಂತ ಡ್ರೈವರ್ ಸಾಹೇಬರು ಸೆಟೆದು ಕೂತಿದಾರೆ, ಮದುವೆ ಫೋಟೋಕ್ಕೆ ಕೂತಂಗೆ!” ಎಂದು ಸುಶೀಲಕ್ಕ ಶುರುಮಾಡಿದಳು. ನಾನು ತಿರುಗಿ ನೋಡಿದ್ದೇ ಬಾಯಿ ಮುಚ್ಚಿದಳು. ಎರಡನೇ ಹಾರ್ನಿನ ಮಾತು ಅವಳಾಗಿಯೇ ಎತ್ತಲಿಲ್ಲ. ಮಗುವಿನ ಎದುರು ಬೇಡ ಎಂದು ಅವಳಿಗೂ ಅನಿಸಿರಬೇಕು.

ಜಯಪುರದ ಹೊತ್ತಿಗೆ ಅವರ ಕಿವಿ ಕೆಂಡದಂತೆ ಕೆಂಪಾಗಿತ್ತು. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಬೆವರು ಕಾಲರಿಗೆ ಇಳಿಯುತ್ತಿತ್ತು. “ಒಂಚೂರು ನಿಲ್ಸಿ, ಇಳಿದು ಬನ್ನಿ,” ಎಂದು ನಾನು ಮೆಲ್ಲಗೆ ಹೇಳಿದೆ. ಅವರು ನಿಲ್ಲಿಸಲು ಹೊರಟರು ಕೂಡ. ಅಷ್ಟರಲ್ಲಿ ಮಗು, “ಬೀಡಿಗಾ ಅಪ್ಪ? ನಾನೂ ಇಳೀತೇನೆ,” ಎಂದಳು. ಅವರು ಗೇರು ಬದಲಿಸಿ ಮುಂದೆ ಹೊರಟರು. “ಇನ್ನೆಂತ, ಬಂದೇ ಬಿಟ್ಟಿತು,” ಎಂದರು. ಅವರು ಆಡಿದ ಕೊನೆಯ ಮಾತು ಅದು.

ಮಗುವೂ ಸುಮ್ಮನೆ ಕೂತಿದ್ದಳು. ಫ್ರಾಕಿನ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ತುಟಿ ಬಿಗಿದುಕೊಂಡು. ತಿರುವಿಗೆ ಹೆದರುತ್ತಿದ್ದಾಳೆ ಎಂದುಕೊಂಡೆ. ಹೊರಗೆ ಮಂಗ ತೋರಿಸಿದೆ, ನೋಡಿದಳು. ಹೂ ತೋರಿಸಿದೆ, ನೋಡಿದಳು.

ಆ ತಿರುವು ಎಡಕ್ಕೆ. ಬಲಗಡೆ ಕೆಳಗೆ ಹಳ್ಳ, ಅಂಚಿನಲ್ಲಿ ಒಂದು ಹಲಸಿನ ಮರ. ಹಾರ್ನ್ ಒತ್ತಿದರು. ನಾನು ಅವರ ಕಡೆಗೇ ನೋಡುತ್ತಿದ್ದೆ. ಜೀಪು ಇನ್ನೇನು ತಿರುಗಬೇಕು ಎನ್ನುವಾಗ ಅವರ ತಲೆ ಎಡಕ್ಕೆ, ನಮ್ಮ ಕಡೆಗೆ ತಿರುಗಿತು. ತಿರುಗಿದ ತಲೆ ವಾಪಸು ಹೋಗಲಿಲ್ಲ. ಇದನ್ನೇ ನಾನು ದಿನಾ ನೋಡುತ್ತಿರುವುದು. ತಿರುಗಿದ ತಲೆ ವಾಪಸು ಹೋಗಲಿಲ್ಲ. ಜೀಪು ನೇರ ಹೋಯಿತು. ಬಲಬದಿ ಮರಕ್ಕೆ ಬಡಿಯಿತು. ನಾನು ಮಗುವಿನ ಮೇಲೆ ಬಿದ್ದಿದ್ದೆ. ಯಾರದೋ ಊಟದ ಡಬ್ಬಿಯ ಮುಚ್ಚಳ ರಸ್ತೆಯ ಮೇಲೆ ಗಿರಗಿರನೆ ತಿರುಗಿ ತಿರುಗಿ ಮಲಗಿತು. ಅದು ಮಲಗುವವರೆಗೆ ಬೇರೆ ಸದ್ದೇ ಇರಲಿಲ್ಲ.

ಕೊಪ್ಪದ ಆಸ್ಪತ್ರೆ ತಲುಪುವ ಮೊದಲೇ ಅವರು ಹೋಗಿದ್ದರು. ನನ್ನ ಕೊರಳೆಲುಬು ಮುರಿಯಿತು, ಸುಶೀಲಕ್ಕನ ಕಾಲು. ಅವಳ ಜೊತೆಗಿದ್ದವಳು ತರಚುಗಾಯದಲ್ಲಿ ಪಾರಾದಳು. ಮಗುವಿಗೆ ಹಣೆಯಲ್ಲಿ ಒಂದು ಗೀರು, ಅಷ್ಟೆ.

“ಎರಡನೇ ಹಾರ್ನೇ ಕೇಳ್ಲಿಲ್ಲ ಮೇಡಂ,” ಎಂದು ಪಕ್ಕದ ಮಂಚದಿಂದ ಸುಶೀಲಕ್ಕ ಅಳುತ್ತಿದ್ದಳು. “ಕೇಳಿದ್ರೆ ಹಿಡ್ಕೊಳ್ತಿದ್ದೆ. ಕೇಳ್ಲೇ ಇಲ್ಲ.”

ಊರು ಮಾತಾಡಿತು. ಅಂಥವನಿಗೆ ಲೈಸೆನ್ಸ್ ಯಾರು ಕೊಟ್ಟರು, ಅಂಥವನ ಜೀಪು ಓದಿದವರು ಹೇಗೆ ಹತ್ತಿದರು. ವರ್ಷಗಟ್ಟಲೆ ಒಂದು ಗೀರೂ ಆಗದಂತೆ ನಮ್ಮನ್ನೆಲ್ಲ ಮುಟ್ಟಿಸಿದ್ದನ್ನು ಯಾರೂ ನೆನೆಯಲಿಲ್ಲ. ಪೊಲೀಸರು ಕೇಳಿದಾಗ ನಾನು ಕಂಡದ್ದನ್ನೇ ಹೇಳಿದೆ: ತಿರುವಿನಲ್ಲಿ ಕುತ್ತಿಗೆ ತಿರುಗಿತು. ದಾರಿಯುದ್ದಕ್ಕೂ ತಡೆದದ್ದು ಅಲ್ಲಿ ಒಡೆಯಿತು ಎಂದು ನಾನೂ ನಂಬಿದ್ದೆ. ಆದರೂ ಒಳಗೆ ಒಂದು ಸಮಾಧಾನವಿರಲಿಲ್ಲ. ಆ ಕುತ್ತಿಗೆಯನ್ನು ನನ್ನಷ್ಟು ಹತ್ತಿರದಿಂದ ನೋಡಿದವರಿಲ್ಲ. ಅದು ಜಗ್ಗಿದರೆ ಆ ಕ್ಷಣವೇ ವಾಪಸು ಬರುತ್ತಿತ್ತು.

ಕೊರಳೆಲುಬು ಕೂಡಲೆಂದು ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ಎನ್.ಆರ್.ಪುರಕ್ಕೆ ಹೋದೆ. ಮಗು ಹೊಸಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ಎದ್ದವಳ ಎಡಭುಜ ಮೇಲಕ್ಕೆ ಹಾರಿ ಕಿವಿಗೆ ತಾಗಿ ಇಳಿಯಿತು. ಮತ್ತೆ ಹಾರಿತು. ಮೂಗಿನ ತುದಿ ಸುಕ್ಕಾಯಿತು.

“ಇದು ಯಾವಾಗಿಂದ?” ಎಂದು ನಾನು ಅವರ ಅಕ್ಕನನ್ನು ಕೇಳಿದೆ. ಜೀಪಿನ ಆಘಾತದಿಂದ ಶುರುವಾಯಿತು ಎಂದುಕೊಂಡಿದ್ದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ಒಂದನೇ ಕ್ಲಾಸಿಂದ್ಲೇ ಇದೆ ಮೇಡಂ.”

“ಅವರಿಗೆ ಗೊತ್ತಿರಲಿಲ್ಲವಾ?”

“ಹೆಂಗೆ ಹೇಳದು? ತಮ್ಮ ಅದೊಂದನ್ನೇ ನಂಬ್ಕೊಂಡು ಇದ್ದವ. ಅಪ್ಪ ಬಂದಾಗ ತಡ್ಕೋ ಪುಟ್ಟೀ, ಅಪ್ಪ ನೋಡಿದ್ರೆ ಬದುಕಲ್ಲ ಅಂತ ನಾನೇ ಹೇಳ್ಕೊಟ್ಟಿದ್ದೆ. ಅವ ಹೊರಗೆ ತಡ್ಕೊಂಡು ಕೂತಿರ್ತಿದ್ದ, ಇವಳು ಒಳಗೆ ತಡ್ಕೊಂಡು ಕೂತಿರ್ತಿದ್ಲು. ಅವ ಕೊಟ್ಟಿಗೆಗೆ ಹೋದ ಕೂಡ್ಲೇ ಇವಳು ಅಡಿಗೆಮನೆಗೆ ಓಡ್ತಿದ್ಲು.”

ಅಕ್ಕ, ಮಗು ಮತ್ತು ನಾನು ಶಿವಮೊಗ್ಗದ ನರರೋಗದ ವೈದ್ಯರೊಬ್ಬರ ಹತ್ತಿರ ಹೋದೆವು. ಹೊರಡುವಾಗ ಅಕ್ಕ ಬಾಗಿಲ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು, ಕಿವಿಗೊಟ್ಟು ಕೇಳಿ ಮತ್ತೆ ತೆಗೆದರು. ಬಸ್ಸು ತಪ್ಪುತ್ತದೆ ಎಂದರೂ ಬಿಡಲಿಲ್ಲ. ವೈದ್ಯರು ಮನೆಯವರೆಲ್ಲರ ವಿಷಯ ಕೇಳಿದರು. ಅಜ್ಜನ ಕಣ್ಣು, ಅಪ್ಪನ ಕುತ್ತಿಗೆ, ಮಗುವಿನ ಭುಜ. ಆಮೇಲೆ ಅಕ್ಕನ ಕಡೆ ನೋಡಿ, “ನಿಮಗೆ ಯಾವುದಾದರೂ ಕೆಲಸ ಮತ್ತೆ ಮತ್ತೆ ಮಾಡಬೇಕು ಅನ್ನಿಸುತ್ತದಾ?” ಎಂದರು.

“ನಂಗೆಂತದೂ ಇಲ್ಲ ಡಾಕ್ಟ್ರೇ.”

“ಚಿಲಕ,” ಎಂದಳು ಮಗು.

“ಚಿಲಕ ಸರಿ ಬೀಳ್ಬೇಕಲ್ಲನೇ ಮಾರಾಯ್ತಿ! ಸದ್ದು ಸರಿ ಕೇಳ್ಬೇಕು.”

ವೈದ್ಯರು ನಗಲಿಲ್ಲ. ಅದೂ ಇದೇ ಮನೆತನದ್ದು ಎಂದರು. ತಲೆಮಾರಿನಿಂದ ತಲೆಮಾರಿಗೆ ಬರುವುದು ಕಣ್ಣೂ ಅಲ್ಲ, ಕುತ್ತಿಗೆಯೂ ಅಲ್ಲ; ಅಂಥದ್ದರ ಕಡೆ ವಾಲುವ ಒಂದು ಗುಣ. ಒಂದೇ ಜೀನಿನಿಂದಲ್ಲ, ಹಲವು ಸೇರಿ. ಒಬ್ಬರಲ್ಲಿ ಅದು ಮೈಯ ಜಗ್ಗಾಟವಾಗಿ ಕಾಣುತ್ತದೆ, ಇನ್ನೊಬ್ಬರಲ್ಲಿ ಚಿಲಕವಾಗಿ, ಮತ್ತೊಬ್ಬರಲ್ಲಿ ಕಾಣುವುದೇ ಇಲ್ಲ. ನೋಡಿ ಬರುವುದಲ್ಲ, ನೋಡದಿದ್ದರೆ ತಪ್ಪುವುದೂ ಅಲ್ಲ. ಇಷ್ಟನ್ನು ಮೆಲ್ಲಗೆ ಬಿಡಿಸಿ ಹೇಳಿ ಮಗುವಿನ ಕಡೆ ಬಾಗಿ, “ಇದು ನಿನ್ನ ತಪ್ಪಲ್ಲ. ಅಪ್ಪನ ತಪ್ಪೂ ಅಲ್ಲ. ತಡೀಬೇಡ,” ಎಂದರು.

“ಹಂಗಾರೆ ಅವ ಅಷ್ಟು ವರ್ಷ ಬೆನ್ನು ಹಾಕಿ ಕೂತದ್ದು?” ಎಂದರು ಅಕ್ಕ. ವೈದ್ಯರಿಗೆ ಅದು ಅರ್ಥವಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಮುಂದಿನ ಸೀಟಿಗೆ ಹಣೆಯಿಟ್ಟು ನಿದ್ದೆ ಹೋದರು. ಕಿಟಕಿಯ ಪಕ್ಕ ಮಗು, ಅವಳ ಪಕ್ಕ ನಾನು.

“ಡಾಕ್ಟ್ರು ನನ್ನ ತಪ್ಪಲ್ಲ ಅಂದ್ರು,” ಎಂದಳು ಅವಳು. “ಅವ್ರಿಗೆ ಗೊತ್ತಿಲ್ಲ.”

“ಏನು ಗೊತ್ತಿಲ್ಲ?”

“ಅವತ್ತು ನಾನು ತುಂಬ ತಡ್ಕೊಂಡಿದ್ದೆ ಆಂಟಿ. ಮನೆಯಿಂದ್ಲೂ ತಡ್ಕೊಂಡಿದ್ದೆ. ಆ ಮರದ ಹತ್ರ ಆಗ್ಲಿಲ್ಲ. ಭುಜ ಮೇಲೆ ಹೋಯ್ತು.” ಸ್ವಲ್ಪ ಹೊತ್ತು ಕಿಟಕಿಯ ಸರಳನ್ನು ಉಗುರಿನಿಂದ ಕೆರೆದಳು. “ಅಪ್ಪ ನೋಡಿದ್ರು.”

ಬಸ್ಸು ಎಲ್ಲೋ ನಿಂತಿತು, ಯಾರೋ ಇಳಿದರು, ಮತ್ತೆ ಹೊರಟಿತು. ಆ ತಲೆ ಜಗ್ಗಿದ್ದಲ್ಲ. ಅದಕ್ಕೇ ವಾಪಸು ಹೋಗಲಿಲ್ಲ. ಅವರು ಮಗಳನ್ನು ನೋಡುತ್ತಿದ್ದರು. ತಿರುವನ್ನು ಮರೆತು, ಜೀಪನ್ನು ಮರೆತು, ನಮ್ಮೆಲ್ಲರನ್ನೂ ಮರೆತು.

“ನಿನ್ನಿಂದ ಏನೂ ಆಗಿಲ್ಲ ಪುಟ್ಟಿ,” ಎಂದೆ. ನನ್ನ ಮಾತು ನನಗೇ ಟೊಳ್ಳಾಗಿ ಕೇಳಿತು.

“ಬೈಯಕ್ಕೆ ತಿರುಗಿದ್ರಾ?”

“ಇಲ್ಲ.”

“ಮತ್ತೆ ಮುಖ ಹೆಂಗಿತ್ತು? ನೀವು ನಡುವೆ ಇದ್ರಿ. ನಂಗೆ ಕಣ್ಣು ಮಾತ್ರ ಕಂಡಿತು. ಉಳಿದದ್ದು ನೋಡೋಷ್ಟರಲ್ಲಿ...” ಭುಜ ಮೇಲಕ್ಕೆ ಹಾರಿತು. “ಅಪ್ಪನ ಮುಖ ನಾನು ಸರಿಯಾಗಿ ನೋಡೇ ಇಲ್ಲ ಆಂಟಿ.”

ನಾನು ಕಂಡಿದ್ದೆ. ಈಗಲೂ ಕಾಣುತ್ತಿದ್ದೇನೆ. ಬಾಯಿ ಅರ್ಧ ತೆರೆದಿತ್ತು. ಏನೋ ಕೇಳಲು ಹೊರಟವರಂತೆ. ಕೆನ್ನೆಯ ಬಣ್ಣ ಇಳಿದುಹೋಗಿತ್ತು. ಎಲ್ಲವನ್ನೂ ಒಟ್ಟಿಗೆ ಕಳೆದುಕೊಂಡವರ ಮುಖ ಅದು.

“ನಗ್ತಾ ಇದ್ರು,” ಎಂದೆ.

ಅವಳು ನನ್ನನ್ನೇ ನೋಡಿದಳು. ನಂಬಲಿಲ್ಲ. ನಂಬದಿದ್ದರೂ ‘ಹೂಂ’ ಎಂದು ತಲೆಯಾಡಿಸಿದಳು, ನನಗೆ ನೋವಾಗಬಾರದೆಂದು. ಆಮೇಲೆ ಎರಡೂ ಮುಷ್ಟಿ ಬಿಗಿದು, ತುಟಿ ಕಚ್ಚಿ, ನೆಟ್ಟಗೆ ಕೂತಳು. “ಬಿಡು ಪುಟ್ಟಿ, ತಡೀಬೇಡ ಅಂದ್ರಲ್ಲ ಡಾಕ್ಟ್ರು,” ಎಂದೆ. ಅವಳು ಬಿಡಲಿಲ್ಲ. ಎನ್.ಆರ್.ಪುರ ಬರುವವರೆಗೂ ಬಿಡಲಿಲ್ಲ.